ಹೆಡ್‌ಮಾಸ್ತರರು ಚ್ಯಾಷ್ಟಿ ಮಾಡಿದ್ದರು

ರಾಯಚೂರಿನಲ್ಲಿ ಅವರ ಶ್ರದ್ಧಾಂಜಲಿ ಸಭೆ ನಡೆದಾಗ ಎದ್ದು ಮಾತಾಡಿದವರೆಲ್ಲ ಒಂದು ಮಾತನ್ನು ತಪ್ಪದೆ ಹೇಳಿದರು: ಅವರು ನಕ್ಕದ್ದನ್ನು ಯಾರೂ ನೋಡಿಲ್ಲ. ಹೇಳುವಾಗ ಪ್ರತಿಯೊಬ್ಬರ ದನಿಯಲ್ಲೂ ಒಂದು ಹೆಮ್ಮೆಯಿತ್ತು, ಕಾಡಿನಲ್ಲಿ ಹುಲಿ ಕಂಡು ಬದುಕಿ ಬಂದವರ ಹೆಮ್ಮೆ. ಶಿಸ್ತು ಎಂದರು, ಗಾಂಭೀರ್ಯ ಎಂದರು, ಈಗ ಅಂಥವರಿಲ್ಲ ಎಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನು ಇದು ಶುದ್ಧ ಸುಳ್ಳು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ, ಸುಳ್ಳೇನಲ್ಲ ಎಂದೂ ಅನಿಸಿತು. ಅವರು ನಕ್ಕದ್ದನ್ನು ನಾನೂ ನೋಡಿಲ್ಲ. ಆದರೆ ನಾನು ಕಂಡ ಜನರಲ್ಲಿ ಅಷ್ಟು ಚ್ಯಾಷ್ಟಿ ಮಾಡುತ್ತಿದ್ದವರು ಇನ್ನೊಬ್ಬರಿಲ್ಲ. ಚ್ಯಾಷ್ಟಿ ಎಂದರೆ ನಮ್ಮ ಕಡೆ ತಮಾಷೆ. ದಿನಕ್ಕೆ ಹತ್ತಾರು ಸಲ ಮಾಡುತ್ತಿದ್ದರು. ಯಾರಿಗೂ ತಿಳಿಯುತ್ತಿರಲಿಲ್ಲ, ಅಷ್ಟೇ.

ಸತ್ತವರ ಬಗ್ಗೆ ಬರೆಯಲು ಕೂತರೆ ನೆನಪು ತಾನಾಗಿಯೇ ತಲೆ ಬಾಚಿಕೊಂಡು, ಗುಂಡಿ ಹಾಕಿಕೊಂಡು ಎದುರಿಗೆ ಬಂದು ನಿಲ್ಲುತ್ತದೆ. ಅದನ್ನು ನಂಬಬಾರದು. ಹಾಗಾಗಿ ಹುಟ್ಟಿದ್ದು, ಓದಿದ್ದು, ಬಡ್ತಿ ಪಡೆದದ್ದು ಯಾವುದನ್ನೂ ಬರೆಯುವುದಿಲ್ಲ. ಮುಖದಿಂದ ಶುರುಮಾಡುತ್ತೇನೆ, ಏಕೆಂದರೆ ತೊಂದರೆ ಇದ್ದದ್ದೇ ಅಲ್ಲಿ.

ದಪ್ಪ ಹುಬ್ಬು. ಹಣೆಯ ನಡುವೆ ಅಂಗಾರದ ಕಪ್ಪು ಗೆರೆ, ಅದರ ಬುಡದಲ್ಲಿ ಅಕ್ಷತೆ. ಬೆಳಿಗ್ಗೆ ಪೂಜೆ ಮುಗಿಸಿಕೊಂಡೇ ಶಾಲೆಗೆ ಬರುವವರು. ಚಿಕ್ಕಂದಿನಲ್ಲಿ ಗಲ್ಲದ ಮೇಲೆ ಎದ್ದ ಕುರುವೊಂದು ಮಾಯುವಾಗ ತುಟಿಯ ಎಡತುದಿಯನ್ನು ಕೆಳಗೆ ಎಳೆದುಕೊಂಡೇ ಮಾಯ್ದಿತ್ತು. ಹೀಗಾಗಿ ಸುಮ್ಮನೆ ಕೂತರೂ ಯಾರನ್ನೋ ಈಗಷ್ಟೇ ಬೈದು ಮುಗಿಸಿದವರಂತೆ, ಇಲ್ಲವೆ ಇನ್ನೇನು ಬೈಯಲು ಹೊರಟವರಂತೆ ಕಾಣುತ್ತಿದ್ದರು. ಮನೆಯ ನೀರನ್ನೇ ತಂಬಿಗೆಯಲ್ಲಿ ತರುತ್ತಿದ್ದರು. ಹೊರಗೆ ಚಹಾ ಕುಡಿಯುತ್ತಿರಲಿಲ್ಲ. ಅದು ಅವರ ಮನೆತನದ ಆಚಾರ. ಕಂಡವರಿಗೆ ಅದೂ ಒಂದು ಸಿಟ್ಟಿನಂತೆ ತೋರುತ್ತಿತ್ತು.

ಎಪ್ಪತ್ತರ ದಶಕದಲ್ಲಿ ದೇವದುರ್ಗದ ಹೈಸ್ಕೂಲೊಂದಕ್ಕೆ ಅವರು ಹೆಡ್‌ಮಾಸ್ತರರಾಗಿ ಬಂದಾಗ ನಾನು ಅಲ್ಲಿ ಕನ್ನಡ ಕಲಿಸುತ್ತಿದ್ದ ಹೊಸ ಮಾಸ್ತರ. ಒಂದು ದಿನ ಜವಾನ ಮೆಹಬೂಬ ತಡವಾಗಿ ಬಂದ. ಅವರು ಎದ್ದು ನಿಂತು ತಮ್ಮ ಕುರ್ಚಿಯನ್ನು ತೋರಿಸಿದರು. “ಬರ್ರಿ ಸಾಹೇಬ್ರ. ನೀವು ಬರಲಿಲ್ಲಂತ ಕುರ್ಚಿ ಬಿಸಿ ಮಾಡಿ ಇಟ್ಟೀನಿ. ಕೂಡ್ರಿ.” ಮೆಹಬೂಬನ ಕೈಯಲ್ಲಿದ್ದ ಬೀಗದ ಕೈ ಕೆಳಗೆ ಬಿತ್ತು. ಸಂಜೆ ನನ್ನ ಹತ್ತಿರ ಬಂದು, “ನಂದು ಮುಗೀತ್ರೀ ಸರ್. ಬೈದಿದ್ರ ಬೈಸ್ಕೋತಿದ್ದೆ. ಎದ್ದು ನಿಂತು ಮರ್ಯಾದಿ ಕೊಟ್ರು ನೋಡ್ರಿ, ಅಲ್ಲಿಗೆ ತಿಳೀತು,” ಎಂದ.

ಒಂದು ಸಲ ಗೂಗಲ್ ಎಂಬ ಊರಿಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಕೃಷ್ಣೆಯ ದಂಡೆ, ಅಲ್ಲಮಪ್ರಭುವಿನ ಗುಡಿ, ಬುತ್ತಿ ಗಂಟು, ಮಕ್ಕಳ ಗದ್ದಲ. ಹೆಡ್‌ಮಾಸ್ತರರು ಗುಡಿಯ ಕಟ್ಟೆ ಹತ್ತಿ, “ಯಾರು ಭಾಳ ಗದ್ದಲ ಮಾಡ್ತೀರೋ ಅವರನ್ನ ಇಲ್ಲೇ ಬಿಟ್ಟು ಹೋಗ್ತೀನಿ. ದೇವರಿಗೂ ಒಬ್ಬನೇ ಕೂತು ಬ್ಯಾಸರ ಆಗಿರ್ತದ,” ಎಂದರು. ಅಲ್ಲಿಂದ ದೇವದುರ್ಗ ಮುಟ್ಟುವವರೆಗೆ ಒಂದು ಮಗುವೂ ತುಟಿ ಬಿಚ್ಚಲಿಲ್ಲ. ಬಸ್ಸಿನಲ್ಲಿ ನನ್ನ ಕಡೆ ಬಾಗಿ ಕೇಳಿದರು: “ಯಾಕ ಮಾಸ್ತರ್ರ, ಹುಡುಗ್ರು ಮಂಕಾಗ್ಯಾವ? ಬುತ್ತಿ ಸಾಕಾಗ್ಲಿಲ್ಲೇನು?”

ಆಗ ನನಗೂ ಗೊತ್ತಿರಲಿಲ್ಲ. ಇದು ಕ್ರೌರ್ಯದ ಒಂದು ನಾಜೂಕು ಬಗೆ ಎಂದು ತಿಳಿದಿದ್ದೆ. ಗೊತ್ತಾದದ್ದು ರಜೆಯಲ್ಲಿ ರಾಯಚೂರಿನ ಅವರ ಹಿರಿಯರ ಮನೆಗೆ ಒಮ್ಮೆ ಊಟಕ್ಕೆ ಹೋದಾಗ. ಪಡಸಾಲೆಯಲ್ಲಿ ಎಲೆ ಹಾಕಿದ್ದರು. ಅವರ ತಾಯಿ ಸಾರು ಬಡಿಸುತ್ತಿದ್ದರು. ಇವರು ಅದೇ ಹುಬ್ಬು, ಅದೇ ತುಟಿ, ಅದೇ ದನಿಯಲ್ಲಿ, “ಅವ್ವಾ, ಸಾರಿನ್ಯಾಗ ಬ್ಯಾಳಿ ಕಾಣವಲ್ದು. ಹುಡುಕಿ ಕೊಟ್ಟಾವರಿಗೆ ಇನಾಮು ಇಟ್ಟೀಯೇನು?” ಎಂದರು. ನಾನು ತುತ್ತು ಹಿಡಿದು ಹಾಗೇ ಕೂತೆ. ಮಗ ತಾಯಿಯನ್ನು ಅತಿಥಿಯ ಮುಂದೆ ಹೀಗೆ ಅಂದುಬಿಟ್ಟರಲ್ಲ ಎಂದು. ಆ ಮುದುಕಿ ಸೌಟು ಕೆಳಗಿಟ್ಟು, ಗೋಡೆ ಹಿಡಿದು ಕೂತು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. “ಇವನ ಕಾಲಾಗ ನಕ್ಕು ನಕ್ಕು ಹೊಟ್ಟಿ ಹುಣ್ಣಾಗ್ತದಪಾ. ಸಾಲ್ಯಾಗ ನಿಮ್ಮನ್ನೆಲ್ಲ ಹಿಂಗ ನಗಸ್ತಾನೇನು?” ಎಂದು ನನ್ನನ್ನೇ ಕೇಳಿದರು. ನಾನು ಹೌದೆಂದೆ. ಹೆಡ್‌ಮಾಸ್ತರರು ನನ್ನ ಕಡೆ ನೋಡಿ ತಲೆಯಾಡಿಸಿದರು. ಅವರ ಲೆಕ್ಕದಲ್ಲಿ ಅವರು ನಮ್ಮನ್ನೆಲ್ಲ ನಗಿಸುವ ಮನುಷ್ಯ. ನಾವು ನಗದಿರುವುದು ಅಧಿಕಾರಿಗೆ ಕೊಡುವ ಮರ್ಯಾದೆ ಎಂದು ಅವರು ತಿಳಿದಿದ್ದರು.

ಶಾಲೆಯಲ್ಲಿ ಅವರನ್ನು ಸರಿಯಾಗಿ ಕಂಡವಳು ಒಬ್ಬಳೇ. ಹತ್ತನೆಯ ತರಗತಿಯ ಮಾಳಮ್ಮ. ಹತ್ತಿರದ ಜಾಲಹಳ್ಳಿಯ ಕುರಿಗಾರ ಬೀರಪ್ಪನ ಮಗಳು. ದೇವದುರ್ಗದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಹೆಡ್‌ಮಾಸ್ತರರು ಲೆಕ್ಕದ ತಾಸು ತೆಗೆದುಕೊಳ್ಳುವಾಗ, ಪಕ್ಕದ ಕೋಣೆಯಲ್ಲಿದ್ದ ನನಗೆ ಅಡ್ಡ ಕಟ್ಟಿದ ಬಿದಿರು ತಟ್ಟಿಯ ಆಚೆಯಿಂದ ಅವರ ಮಾತು ಕೇಳಿಸುತ್ತಿತ್ತು. ಮಾತಿನ ಹಿಂದೆಯೇ, ದಾವಣಿಯ ಸೆರಗಿನಲ್ಲಿ ಅದುಮಿಟ್ಟ ಒಂದು ನಗೆ. ಒಂದೇ ಒಂದು. ಲೆಕ್ಕದಲ್ಲಿ ಅವಳಷ್ಟು ಚುರುಕಾದವರು ಆ ಶಾಲೆಯಲ್ಲಿ ಬೇರೆ ಇರಲಿಲ್ಲ ಎನ್ನುವುದು ಅವರ ಮಾತು, ನನ್ನದಲ್ಲ. ನನಗೆ ಲೆಕ್ಕ ಬಾರದು.

ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಒಂದು ದಿನ ಬೀರಪ್ಪ ಶಾಲೆಗೆ ಬಂದ. ಹೆಗಲ ಮೇಲೆ ಕಂಬಳಿ. ಚಪ್ಪಲಿ ಅಂಗಳದಲ್ಲೇ ಬಿಟ್ಟು, ಹೆಡ್‌ಮಾಸ್ತರರೂ ನಾವು ಮಾಸ್ತರರೂ ಕೂತಿದ್ದ ಕೋಣೆಯ ಹೊಸ್ತಿಲ ಹೊರಗೆ ನಿಂತ. ಅವನ ಹಿಂದೆ ಕಂಬಕ್ಕೆ ಒರಗಿ ಮಾಳಮ್ಮ.

“ಏನಪಾ ಬೀರಪ್ಪ, ಆ ಕುರಿ ಬಿಟ್ಟು ಈ ಕುರಿಗೋಳನ್ನ ನೋಡಲಿಕ್ಕೆ ಬಂದೀಯೇನು?” ಹೆಡ್‌ಮಾಸ್ತರರು ನಮ್ಮನ್ನು ತೋರಿಸಿದರು. ನಾವು ತಲೆ ತಗ್ಗಿಸಿದೆವು.

“ಹುಡುಗಿ ಹ್ಯಾಂಗ ಓದ್ತಾಳಂತ ಕೇಳಾಕ ಬಂದೀನ್ರೀ ಯಪ್ಪಾ. ನಾವು ಕುರಿ ಹೊಡ್ಕೊಂಡು ಮಾನ್ವಿ ಕಡಿ ಹೊಂಟೀವಿ. ಮನಿ ಮಂದಿ ಎಲ್ಲಾ ಹೋಗ್ತೀವಿ. ಈಕಿನ್ನ ಇಲ್ಲೇ ಬಿಡಬೇಕೋ, ಕರ್ಕೊಂಡು ಹೋಗಬೇಕೋ? ಈಕಿ ಸೋದರಮಾವನ ಕಡ್ಯಾವರು ಬ್ಯಾಸಗ್ಯಾಗ ಲಗ್ನ ಮಾಡೂಣು ಅಂತ ಗಂಟು ಬಿದ್ದಾರ. ನೀವು ಹ್ಯಾಂಗ ಅಂತೀರಿ ಹಂಗ.”

“ಹ್ಯಾಂಗ ಓದ್ತಾಳ? ಭಾಳ ಜಾಸ್ತಿ ಓದ್ತಾಳ ನೋಡಪಾ. ಲೆಕ್ಕದಾಗ ನನ್ನೇ ದಾಟಿ ಹೋಗ್ಯಾಳ. ಇಷ್ಟು ಶಾಣ್ಯಾಕಿ ನಮ್ಮ ಸಾಲಿಗೆ ಭಾರ ಆಗ್ತಾಳ. ಇನ್ನೊಂದು ವರ್ಷ ಇಟ್ಟರ ನನ್ನ ಎಬ್ಬಿಸಿ ತಾನೇ ಈ ಕುರ್ಚಿ ಮ್ಯಾಲೆ ಕೂಡ್ತಾಳ. ಕರ್ಕೊಂಡು ಹೋಗಿಬಿಡು, ನನ್ನ ನೌಕರಿ ಉಳೀಲಿ.”

ಕಂಬದ ಹತ್ತಿರ ಸೆರಗು ಬಾಯಿಗೆ ಹೋಯಿತು. ಬೀರಪ್ಪ ಅವರ ಮುಖವನ್ನು ಒಂದು ಗಳಿಗೆ ನೋಡಿದ. “ಆಗಲ್ರೀ ಯಪ್ಪಾ,” ಎಂದು ಬಾಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಟ. ಅಂಗಳದಲ್ಲಿ ಅವನ ದನಿ ಕೇಳಿಸಿತು: “ಗುರುಗಳ ಮುಂದ ಹಲ್ಲು ಕಿಸೀತೀಯೇನಬೇ? ನಡೀ.”

ಹೆಡ್‌ಮಾಸ್ತರರು ನಮ್ಮ ಕಡೆ ತಿರುಗಿದರು. “ನೋಡಿದ್ರೇನು? ಮಗಳನ್ನ ಹೊಗಳಿದ್ದು ಕೇಳಿ ಅವನ ಕಣ್ಣಾಗ ನೀರು ಬಂತು.”

ನೀರು ಬಂದಿತ್ತು, ಅದು ನಿಜ.

ಆಮೇಲೆ ಮಾಳಮ್ಮ ಬರಲಿಲ್ಲ. ಮೊದಲ ವಾರ ಜ್ವರವಿರಬೇಕು ಎಂದರು ಹೆಡ್‌ಮಾಸ್ತರರು. ಸಂಕ್ರಾಂತಿಗೆ ಹೋಗಿರಬೇಕು ಎಂದರು. ಹಾಜರಿ ಕಡಿಮೆಯಾಗುತ್ತ ಬಂತು. ಇನ್ನಷ್ಟು ದಿನ ಹೋದರೆ ಅವಳನ್ನು ಪರೀಕ್ಷೆಗೆ ಕೂಡಿಸುವಂತಿರಲಿಲ್ಲ. ಕೊನೆಗೆ ಮೆಹಬೂಬನನ್ನು ಕರೆದು, “ನಿಮ್ಮ ಓಣ್ಯಾಗೇ ಅದಲ್ಲ ಆಕಿ ಅತ್ತಿ ಮನಿ? ಯಾಕ ಬರವಲ್ಲಳು ಕೇಳ್ಕೊಂಡು ಬಾ,” ಎಂದರು.

ಮೆಹಬೂಬ ನಿಂತಲ್ಲೇ ನಿಂತ. “ಆಕಿ ಇನ್ನ ಬರಂಗಿಲ್ರೀ ಸರ್.”

“ಯಾಕ?”

“ತಾವೇ ಬಿಡಿಸಿದ್ರಲ್ರೀ?”

“ನಾನು?”

ಮೆಹಬೂಬ ನನ್ನ ಕಡೆ ನೋಡಿದ. ನಾನು ಅಂದು ನಡೆದದ್ದನ್ನು ಒಂದೊಂದೇ ಮಾತಾಗಿ ಅವರ ಮುಂದಿಟ್ಟೆ. ಅವರು ಕೇಳುತ್ತ ಎದುರಿನ ಗೋಡೆ ನೋಡುತ್ತಿದ್ದರು. “ಅದು ಚ್ಯಾಷ್ಟಿ,” ಎಂದರು. ನನ್ನ ಕಡೆ ತಿರುಗಿ, “ಅದು ಚ್ಯಾಷ್ಟಿ ಅಲ್ಲೇನ್ರೀ ಮಾಸ್ತರ್ರ?”

ಬೀರಪ್ಪನ ಹಿಂಡು ಕುರ್ಡಿಯ ಹತ್ತಿರ ಇದೆ ಎಂದು ಸುದ್ದಿ ಸಿಕ್ಕಿತು. ಭತ್ತ ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕೆಂದು ರೈತರು ಕುರಿ ನಿಲ್ಲಿಸಿಕೊಳ್ಳುತ್ತಾರೆ. ಒಂದು ಹೊಲ ಮುಗಿದರೆ ಇನ್ನೊಂದಕ್ಕೆ ಹೋಗುತ್ತಾರೆ. ಇವತ್ತು ಕಂಡಲ್ಲಿ ನಾಳೆ ಇರುವುದಿಲ್ಲ. ಮರುದಿನ ಬೆಳಿಗ್ಗೆಯೇ ನನ್ನನ್ನು ಜೊತೆಗೆ ಕರೆದುಕೊಂಡು ಹೊರಟರು. ಅಂದು ಏಕಾದಶಿ. ಅವರದು ನೀರೂ ಮುಟ್ಟದ ಉಪವಾಸ. ದ್ವಾದಶಿ ಕಳೆದು ಹೋಗೋಣ ಎಂದೆ. ಕೇಳಲಿಲ್ಲ.

ಸಿರವಾರ ದಾಟಿದ ಮೇಲೆ ಬಸ್ಸಿನಲ್ಲಿ ನಾನೇ ಬಾಯಿಬಿಟ್ಟೆ. “ಸರ್, ನೀವು ಚ್ಯಾಷ್ಟಿ ಮಾಡಿದ್ದು ಯಾರಿಗೂ ತಿಳಿಯಂಗಿಲ್ರೀ.”

“ಯಾರಿಗೂ ಅಂದ್ರ?”

“ಸ್ಟಾಫಿಗೆ. ಹುಡುಗ್ರಿಗೆ.”

“ನಿಮಗ?”

“ನಿಮ್ಮ ಮನಿಗೆ ಊಟಕ್ಕ ಬರೋತನಕ ನನಗೂ ತಿಳಿದಿರಲಿಲ್ರೀ.”

ಅವರು ಕಿಟಕಿಯ ಕಂಬಿ ಹಿಡಿದುಕೊಂಡರು. “ಗೂಗಲ್‌ದಾಗ?” ಎಂದರು.

“ಹುಡುಗ್ರು ಹೆದರಿದ್ರು ಸರ್.”

“ಮೆಹಬೂಬ? ಕುರ್ಚಿ ಮಾತು?”

“ನೌಕರಿ ಹೋತು ಅಂತ ತಿಳಕೊಂಡಿದ್ದ.”

ಹೀಗೆ ಒಂದಾದ ಮೇಲೊಂದು ಹಳೆಯ ಚ್ಯಾಷ್ಟಿಗಳನ್ನು ಕೇಳುತ್ತ ಹೋದರು, ಯಾವುದೋ ಅಪಘಾತವಾದ ಊರಿಗೆ ಬಂದು ಹೆಸರು ಹಿಡಿದು ನೆಂಟರನ್ನು ವಿಚಾರಿಸುವವರಂತೆ. ನಾನು ಒಂದನ್ನೂ ಉಳಿಸಿಕೊಡಲಿಲ್ಲ. ಮಾನ್ವಿಯಲ್ಲಿ ಬಸ್ಸು ಬದಲಿಸುವಾಗ ಅವರ ಮುಖ ನೋಡಿದೆ. ಏನಾಗುತ್ತಿದೆ ಎಂದು ತಿಳಿಯಲಿಲ್ಲ. ಅದು ಎಂದಿನಂತೆಯೇ ಇತ್ತು.

ಕುರ್ಡಿಯ ರಸ್ತೆಯಲ್ಲಿ ಇಳಿದು ಕೂಳೆ ಚುಚ್ಚುವ ಹೊಲಗಳಲ್ಲಿ ನಡೆದೆವು. ಮಧ್ಯಾಹ್ನ. ಕುರಿಗಳ ಸುತ್ತ ಬಲೆ ಕಟ್ಟಿದ ಹಟ್ಟಿ ದೂರದಿಂದಲೇ ಕಂಡಿತು. ನಾಯಿ ಬೊಗಳಿತು. ಮಾಳಮ್ಮ ಬಗಲಲ್ಲಿ ಒಂದು ಮರಿ ಹಿಡಿದು ನಿಂತಿದ್ದಳು. ನಮ್ಮನ್ನು ಕಂಡು ಅವಳ ಮುಖ ಅರಳಿತು. ಅವಳ ಅಪ್ಪನ ಮುಖ ಮುಚ್ಚಿತು.

ಬೀರಪ್ಪ ಕಂಬಳಿ ಹಾಸಿದ. ಹೆಡ್‌ಮಾಸ್ತರರು ಕೂತರು. ಹಿತ್ತಾಳೆಯ ಬಟ್ಟಲಲ್ಲಿ ಹಾಲು ಬಂತು.

“ಬ್ಯಾಡಪಾ. ಇವತ್ತ ಏಕಾದಶಿ. ನೀರು ಸುದ್ದಾ ಮುಟ್ಟಂಗಿಲ್ಲ.”

“ಹೌದ್ರೀ, ಹೌದ್ರೀ,” ಎಂದ ಬೀರಪ್ಪ. ಬಟ್ಟಲನ್ನು ತಾನೇ ಹಿಂದಕ್ಕೆ ಸರಿಸಿದ. ಇವರು ನಮ್ಮಂಥವರ ಕೈಯದು ಮುಟ್ಟುವವರಲ್ಲ ಎಂದು ಒಳಗೊಂದು ಲೆಕ್ಕ ಸರಿಬಂದವನ ‘ಹೌದು’ ಅದು. ನಾನು ಗಾಬರಿಯಾಗಿ ನನ್ನ ಬಟ್ಟಲನ್ನು ಗಟಗಟ ಕುಡಿದೆ. ನನ್ನನ್ನು ಯಾರೂ ನೋಡುತ್ತಿರಲಿಲ್ಲ.

“ಬೀರಪ್ಪ, ಹುಡುಗಿನ್ನ ಯಾಕ ಬಿಡಿಸಿದಿ?”

“ನೀವೇ ಹೇಳಿದ್ರಲ್ರೀ ಯಪ್ಪಾ. ನಮ್ಮ ಮಂದ್ಯಾಗ ಹೆಣ್ಣು ನೋಡಾಕ ಬಂದಾವರು ಒಲ್ಲೆ ಅಂತ ಬಾಯಿ ಬಿಟ್ಟು ಹೇಳಂಗಿಲ್ಲ. ‘ನಿಮ್ಮ ಹುಡುಗಿ ಭಾಳ ಶಾಣ್ಯಾಕಿ, ನಮ್ಮ ಮನಿಗೆ ಜಾಸ್ತಿ ಆಗ್ತಾಳ’ ಅಂತಾರ. ಹಂಗ ಅಂದ್ರ ಎದ್ದು ಬರಬೇಕು, ತಿರುಗಿ ಕೇಳಬಾರದು. ಯಾರ ಮರ್ಯಾದಿನೂ ಹೋಗಂಗಿಲ್ಲ. ನೀವೂ ಹಂಗ ಅಂದ್ರಿ. ಬೈದು ಹೊರಗ ಹಾಕಬೌದಿತ್ತು. ಅಷ್ಟು ದೊಡ್ಡಾವರು, ನಮ್ಮ ರೀತಿ ತಿಳಕೊಂಡು ಮೆತ್ತಗ ಹೇಳಿದ್ರಲ್ಲ ಅಂತ ನನ್ನ ಕಣ್ಣಾಗ ನೀರು ಬಂತ್ರೀ.”

“ನಾನು ಹೊಗಳಿದ್ದೋ ಬೀರಪ್ಪ! ಅದು ಚ್ಯಾಷ್ಟಿ.”

“ನಾ ಹೇಳ್ಲಿಲ್ಲೇನಪ್ಪಾ?” ಮಾಳಮ್ಮ ಮುಂದೆ ಬಂದಳು. “ಸರ್ ಚ್ಯಾಷ್ಟಿ ಮಾಡ್ಯಾರಂತ ಅವತ್ತಿಂದ ಬಡಕೊಳ್ಳಾಕತ್ತೀನಿ.”

“ನೀ ಸುಮ್ನಿರಬೇ.” ಬೀರಪ್ಪ ಹೆಡ್‌ಮಾಸ್ತರರ ಮುಖವನ್ನು ನಿಧಾನವಾಗಿ ನೋಡಿದ. ಆಮೇಲೆ ಅವನು ಕೇಳಿದ್ದನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ಮಾತು ಅಷ್ಟಿಷ್ಟು ಬದಲಾಗಿದೆ. ಹುರುಳು ಇದು: “ಆಗಲ್ರೀ. ಅವತ್ತಿಂದು ಚ್ಯಾಷ್ಟಿ ಅಂದ್ರಿ. ಹಂಗಾದ್ರ ಇವತ್ತಿಂದು? ನಿಮ್ಮ ಮಾರಿ ಅವತ್ತೂ ಇದೇ ಇತ್ತು, ಇವತ್ತೂ ಇದೇ ಅದ. ಯಾವುದು ಖರೇ ಅಂತ ನಾ ಹ್ಯಾಂಗ ತಿಳಕೊಳ್ಳಲಿ?”

ಹೆಡ್‌ಮಾಸ್ತರರು ಆಗ ನಗಲು ಪ್ರಯತ್ನಿಸಿದರು. ಬೇಕೆಂದು, ಬಲವಂತದಿಂದ. ಬಲಗಡೆಯ ತುಟಿ ಮೇಲಕ್ಕೆ ಹೋಯಿತು, ಎಡಗಡೆಯದು ಕೆಳಗೇ ನಿಂತಿತು, ಹುಬ್ಬು ಗಂಟಾಯಿತು. ಬೀರಪ್ಪ ಧಿಗ್ಗನೆ ಎದ್ದು ಕೈ ಮುಗಿದ. “ಸಿಟ್ಟಾಗಬ್ಯಾಡ್ರಿ ಯಪ್ಪಾ, ಬಡವನ ಮ್ಯಾಲ ಸಿಟ್ಟಾಗಬ್ಯಾಡ್ರಿ.”

“ನನಗ ಸಿಟ್ಟಿಲ್ಲಪಾ.”

“ಹೌದ್ರೀ. ಖರೇ ಹೇಳ್ತೀನಿ, ನಿಮಗ ಹುಡುಗಿ ಮ್ಯಾಲ ಮರುಕ ಹುಟ್ಟೇದ. ಅದಕ್ಕ ಇಷ್ಟು ದೂರ ಬಂದೀರಿ. ಆದ್ರ ಒಮ್ಮೆ ಒಲ್ಲೆ ಅಂದ ಮನಿಗೆ ನಾವು ತಿರುಗಿ ಹೆಣ್ಣು ಕಳಸಂಗಿಲ್ಲ. ನನ್ನ ಮಗಳು ಒಬ್ಬರ ಮರುಕದಾಗ ಬಾಳಬಾರದು. ಬ್ಯಾಸಗ್ಯಾಗ ಲಗ್ನ ಮಾಡಿ ಕೊಡ್ತೀನಿ, ಮುಗೀತು.”

ಮಾಳಮ್ಮ ಮರಿಯನ್ನು ಕೆಳಗೆ ಬಿಟ್ಟಳು. “ಅಪ್ಪಾ, ಪರೀಕ್ಷಿ…” ಎಂದಳು. ಹೆಡ್‌ಮಾಸ್ತರರ ಕಡೆ ನೋಡಿದಳು. ಇಲ್ಲಿಯವರೆಗೆ ಅವರಾಡಿದ ಪ್ರತಿ ಮಾತೂ ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿತ್ತು. ಮೆತ್ತಗಾದಷ್ಟೂ ಮರುಕ, ಹೊಗಳಿದಷ್ಟೂ ನಿರಾಕರಣೆ, ನಕ್ಕರೆ ಸಿಟ್ಟು.

ಅವರು ಕಂಬಳಿಯಿಂದ ಎದ್ದರು. ಧೋತರದ ಚುಂಗು ಕೊಡವಿಕೊಂಡರು. ಎದ್ದ ಮನುಷ್ಯ ಬೇರೆ. ಹದಿನೈದು ಆಗಸ್ಟಿಗೆ ಕಟ್ಟೆಯ ಮೇಲೆ ನಿಂತು ಮಾತಾಡುವ ದನಿ ಬಂತು.

“ಬೀರಪ್ಪ, ನಾನು ಕೇಳಲಿಕ್ಕೆ ಬಂದಿಲ್ಲ. ಸಾಲಿ ನಿನ್ನ ಬೀಗರ ಮನಿ ಅಲ್ಲ, ಒಲ್ಲೆ ಅನ್ನಲಿಕ್ಕೆ, ಹ್ಞೂಂ ಅನ್ನಲಿಕ್ಕೆ. ಪರೀಕ್ಷಾ ಮುಗಿಯೋತನಕ ಈಕಿ ಸರ್ಕಾರದ ಸುಪರ್ದಿನ್ಯಾಗ ಇದ್ದಾಳ. ನಡುವ ಬಿಡಿಸಿದಾವರು ಜವಾಬು ಕೊಡಬೇಕಾಗ್ತದ. ಇವತ್ತ ನನ್ನ ಜೋಡಿ ಕಳಸು. ಇದು ಹುಕುಂ.”

ಅಂಥ ಕಾಯಿದೆ ಯಾವುದೂ ಇರಲಿಲ್ಲ. ಅವರ ಮುಖದಲ್ಲಿ ಮಾತ್ರ ಅದು ಯಾವತ್ತಿನಿಂದಲೋ ಇತ್ತು. ಬೀರಪ್ಪನ ಹೆಗಲು ಸಡಿಲಾದದ್ದು ಕಂಡಿತು. ಅವನಿಗೆ ಹೆದರಿಕೆಯಾಯಿತೆಂದು ನಾನು ಆಗ ತಿಳಿದಿದ್ದೆ. ಈಗ ನೋಡಿದರೆ ಅದು ಹೆದರಿಕೆಯಲ್ಲ, ನಿರಾಳ. “ಹುಕುಂ ಅಂದ್ರ ಬ್ಯಾರೆ ಮಾತ್ರೀ. ಅದರಾಗ ನಂದೂ ಏನೂ ಹೋಗಂಗಿಲ್ಲ, ನಿಮ್ದೂ ಹೋಗಂಗಿಲ್ಲ. ಮದಲಽ ಹಂಗ ಅನ್ನಬಾರದೇನ್ರೀ? ಹೋಗಬೇ, ಅರಿವಿ ಕಟ್ಕೋ.”

ಮಾಳಮ್ಮ ಹೋಗಲಿಲ್ಲ. ಹೆಡ್‌ಮಾಸ್ತರರ ಮುಖವನ್ನೇ ಹುಡುಕುತ್ತಿದ್ದಳು. ಹುಬ್ಬಿನಿಂದ ತುಟಿಗೆ, ತುಟಿಯಿಂದ ಕಣ್ಣಿಗೆ. ಬೇರೆ ಯಾರಿಗೂ ಕಾಣದ ಯಾವುದನ್ನೋ ಅವಳು ಯಾವಾಗಲೂ ಅಲ್ಲಿ ಕಂಡುಕೊಳ್ಳುತ್ತಿದ್ದಳು. ಈಗ ಸಿಗುತ್ತಿರಲಿಲ್ಲ.

“ಖರೇನ್ರೀ ಸರ್?” ಎಂದಳು ಸಣ್ಣ ದನಿಯಲ್ಲಿ. “ನಾ ಬರ್ಲಿಲ್ಲಂದ್ರ ನಮ್ಮಪ್ಪನ್ನ ಹಿಡ್ಕೊಂಡು ಹೋಗ್ತಾರೇನ್ರೀ?”

ಬೀರಪ್ಪ ಪಕ್ಕದಲ್ಲೇ ನಿಂತಿದ್ದ, ಉತ್ತರಕ್ಕೆ ಕಾಯುತ್ತಿದ್ದ. ಇಲ್ಲ ಎಂದರೆ ಹುಕುಂ ಬೀಳುತ್ತದೆ. ಕಣ್ಣಿನ ಸನ್ನೆಯೂ ಸಾಧ್ಯವಿರಲಿಲ್ಲ.

“ಹೌದು,” ಎಂದರು ಅವರು. “ನಡೀ.”

ಅವಳು ಪರೀಕ್ಷೆಗೆ ಕೂತಳು. ಪಾಸಾದಳು. ಲಗ್ನ ಮುಂದಕ್ಕೆ ಹೋಯಿತು. ಅವಳು ರಾಯಚೂರಿಗೆ ಹೋಗಿ ಕಾಲೇಜು ಓದಿದಳು. ಇಷ್ಟು ಹೇಳಿ ನಿಲ್ಲಿಸಿದ್ದರೆ ಆ ಸಭೆಯಲ್ಲಿ ನಾನೂ ಎದ್ದು ಮಾತಾಡಬಹುದಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಮರೆಯಲಾಗದಿರುವುದು ಹಟ್ಟಿಯಿಂದ ರಸ್ತೆಗೆ ಬಂದ ದಾರಿ.

ಬದುವಿನ ಮೇಲೆ ಹೆಡ್‌ಮಾಸ್ತರರು ಮುಂದೆ, ಅವರ ಹಿಂದೆ ನಾನು, ಸಾಕಷ್ಟು ದೂರದಲ್ಲಿ ಬಟ್ಟೆಯ ಗಂಟು ಹೊತ್ತು ಮಾಳಮ್ಮ. ಹಟ್ಟಿ ಕಣ್ಮರೆಯಾದ ಕೂಡಲೇ ಅವರು ನಡಿಗೆ ನಿಧಾನ ಮಾಡಿದರು. ಅವಳು ಹತ್ತಿರ ಬರಲಿ ಎಂದು. ಏನೋ ಹೇಳುವುದಿತ್ತು ಅವರಿಗೆ, ಬಾಯಿ ಸ್ವಲ್ಪ ತೆರೆದಿತ್ತು. ನಾನು ಬದು ಬಿಟ್ಟು ಹೊಲಕ್ಕಿಳಿದು ದಾರಿ ಮಾಡಿಕೊಟ್ಟೆ. ತಿರುಗಿ ನೋಡಿದರೆ ಅವಳೂ ನಿಧಾನ ಮಾಡಿದ್ದಳು. ಅವರು ಇನ್ನೂ ನಿಧಾನವಾದರು, ಅವಳೂ ಆದಳು. ಅವರು ನಿಂತರು.

ಅವಳೂ ನಿಂತಳು. ಗಂಟನ್ನು ಎದೆಗೆ ಅವಚಿಕೊಂಡು, ತಲೆ ತಗ್ಗಿಸಿ, ಶಾಲೆಯ ಉಳಿದೆಲ್ಲ ಮಕ್ಕಳು ಅವರ ಮುಂದೆ ನಿಲ್ಲುವ ಹಾಗೆ.